ಮಾಲೀಕ ಯಾವತ್ತು ಐಸಿಗಿಳೀತಾನೆ?

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ಎಲೆ ಅಡಿಕೆಯ ಚಟ. ನನಗೆ ಕೇಳುವ ಚಟ. ಒಂದು ಸಂಗತಿ ತಲೆಗೆ ಹೊಕ್ಕಿತು ಅಂದರೆ ಅದರ ಬುಡ ಸಿಗುವವರೆಗೆ ಎದುರಿಗೆ ಬಂದವರನ್ನೆಲ್ಲ ಕೇಳುತ್ತೇನೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಹ್ಯಾಂಡ್‌ಪೋಸ್ಟ್ ಸ್ಟಾಪು ಬರುವ ಮೊದಲೇ ಎದ್ದು ಬೇರೆ ಸೀಟಿಗೆ ಹೋಗಿದ್ದೂ ಉಂಟು. ಸ್ಕೂಲಿನಲ್ಲಿ ಮೇಷ್ಟ್ರು ಭೂಮಿ ತಿರುಗುತ್ತೆ ಅಂದಾಗ, ‘ಅಂಗಾರೆ ನಮ್ಮ ಬಾವಿ ನೀರು ಯಾಕೆ ಚೆಲ್ಲಲ್ಲ ಸಾ?’ ಅಂದೆ. ಮೇಷ್ಟ್ರು ಹೊಡೆದರು. ಹೊಡೆತ ನೆನಪಿದೆ, ಉತ್ತರ ಇವತ್ತಿಗೂ ಸಿಕ್ಕಿಲ್ಲ. ಆಮೇಲೆ ಸ್ಕೂಲನ್ನೇ ಬಿಟ್ಟೆ, ಚಟ ಬಿಡಲಿಲ್ಲ. ಈ ವರ್ಷ ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಆ ಚಟವೇ ಸೊಪ್ಪು ಬೇಯಿಸುವ ನಮ್ಮ ಬ್ಯಾರನ್ನಿನ ಬಾಗಿಲಿಗೆ ಅಡ್ಡ ಮಲಗಿತು. ಕಾರಣ ಯಾರು ಅಂದರೆ, ಕೆನಡಾ ದೇಶದ ಒಂದು ಐಸ್ ಹಾಕಿ ಟೀಮು. ನಾನು ಆ ದೇಶ ನೋಡಿಲ್ಲ, ಆ ಟೀಮಿನವರು ನಮ್ಮ ಪಿರಿಯಾಪಟ್ಟಣ ನೋಡಿಲ್ಲ. ಆದರೂ ಜಗಳ ಬಂದು ನಮ್ಮ ಮನೆ ಮುಂದೆ ನಿಂತಿತು.

ಪಿರಿಯಾಪಟ್ಟಣದ ಕಡೆಯ ಕೊಪ್ಪದಲ್ಲಿ ನನಗೊಬ್ಬ ಸ್ನೇಹಿತ ಇದ್ದಾನೆ, ತೆಂಜಿನ್ ಅಂತ. ಟಿಬೆಟಿಯನ್ ಕ್ಯಾಂಪಿನವನು, ರೋಡಿನ ಪಕ್ಕದಲ್ಲಿ ಸಣ್ಣ ನೂಡಲ್ಸ್ ಅಂಗಡಿ ಇಟ್ಟಿದ್ದಾನೆ. ಕನ್ನಡದಲ್ಲಿ ನನಗಿಂತ ಚೆನ್ನಾಗಿ ಬೈಯುತ್ತಾನೆ. ಟ್ರ್ಯಾಕ್ಟರಿಗೆ ಡೀಸೆಲ್ ಹಾಕಿಸಲು ಹೋದಾಗಲೆಲ್ಲ ಅವನ ಅಂಗಡಿಯಲ್ಲಿ ಕೂರುವುದು ನನ್ನ ಅಭ್ಯಾಸ. ಅವನ ಅಣ್ಣ ಕೆನಡಾ ಸೇರಿ ಎಷ್ಟೋ ವರ್ಷವಾಯಿತು. ಒಂದು ದಿನ ಸುಮ್ಮನೆ ಕೇಳಿದೆ, “ನಿಮ್ಮಣ್ಣ ಅಲ್ಲಿ ಏನ್ ಕೆಲ್ಸ ಮಾಡ್ತಾನ್ಲಾ?”

“ಟ್ರ್ಯಾಕ್ಟರ್ ಓಡುಸ್ತಾನೆ.”

“ಗದ್ದೇಲಾ?”

“ಐಸ್ ಮೇಲೆ ಕಣ್ಲಾ.”

ನಾನೂ ಟ್ರ್ಯಾಕ್ಟರ್ ಓಡಿಸುವವನೇ. ಮಳೆ ಬಿದ್ದ ಮಾರನೆಯ ದಿನ ನಮ್ಮ ಹೊಲದ ಕೆಂಪು ಮಣ್ಣಿನ ದಾರಿಯಲ್ಲಿ ಟ್ರೈಲರು ಒಂದು ಕಡೆ, ನಾನು ಒಂದು ಕಡೆ ಹೋಗುತ್ತೇವೆ. ಇವನಣ್ಣ ಐಸಿನ ಮೇಲೆ ಓಡಿಸುತ್ತಾನೆ ಅಂದರೆ ಬಿಟ್ಟುಬಿಡುವುದಕ್ಕಾಗುತ್ತಾ? ಹೋದ ಚಳಿಗಾಲವಿಡೀ ತೆಂಜಿನ್‌ನ ಫೋನಿನಲ್ಲಿ ಆ ಆಟ ನೋಡಿದೆ. ಅಲ್ಲಿ ರಾತ್ರಿ ಆಡಿದ್ದು ಇಲ್ಲಿಗೆ ಬೆಳಗಿನ ಹೊತ್ತು ಬರುತ್ತದೆ. ಕೊಪ್ಪದ ಸೇತುವೆ ದಾಟಿದರೆ ಕೊಡಗು, ಅಲ್ಲಿನವರು ಹಾಕಿ ಅಂದರೆ ಮದುವೆ ಊಟವನ್ನೂ ಬಿಟ್ಟು ಎದ್ದು ಹೋಗುತ್ತಾರೆ. ಆದರೆ ಇದು ಆ ಹಾಕಿಯಲ್ಲ. ಕಾಲಿಗೆ ಕತ್ತಿ ಕೂರಿಸಿದಂಥ ಬೂಟು. ಚೆಂಡಿನ ಬದಲು ಶೂ ಪಾಲಿಶ್ ಡಬ್ಬಿಯ ಹಾಗೆ ಒಂದು ಕರಿ ರಬ್ಬರ್ ಬಿಲ್ಲೆ. ಒಬ್ಬರನ್ನೊಬ್ಬರು ಗೋಡೆಗೆ ಒತ್ತಿ ಗುದ್ದುತ್ತಾರೆ, ಗುದ್ದಿದವನನ್ನು ಕರೆದುಕೊಂಡು ಹೋಗಿ ಗಾಜಿನ ಪೆಟ್ಟಿಗೆಯಂಥದ್ದರಲ್ಲಿ ಕೂರಿಸುತ್ತಾರೆ. ಸ್ವಲ್ಪ ಹೊತ್ತು ಕೂತು ಬಂದು ಮತ್ತೆ ಗುದ್ದುತ್ತಾನೆ. ಇದೆಲ್ಲ ನನಗೆ ಬೇಕಿರಲಿಲ್ಲ. ಆಟ ನಡೆಯುವಾಗ ಹೊರಗೆ ಹೋಗಿ ಟೀ ಕುಡಿದು, ವಿರಾಮಕ್ಕೆ ಸರಿಯಾಗಿ ಒಳಗೆ ಬರುತ್ತಿದ್ದೆ. ವಿರಾಮದಲ್ಲೇ ತೆಂಜಿನ್‌ನ ಅಣ್ಣನ ಗಾಡಿ ಬರುತ್ತಿದ್ದುದು. ಬೂಟಿನಿಂದ ಗೀರಿ ಹಾಳಾದ ಐಸನ್ನು ಮುಂದೆ ಹೆರೆಯುತ್ತಾ, ಹಿಂದೆ ನೀರು ಬಿಡುತ್ತಾ, ಸುತ್ತು ಹಾಕಿಕೊಂಡು ಬಂದರೆ ಇಡೀ ಮೈದಾನ ಕನ್ನಡಿ. ಉಳುಮೆ ಮಾಡುವುದು ನೋಡಿದ್ದೆ. ಉತ್ತಿದ್ದನ್ನು ಅಳಿಸುತ್ತಾ ಹೋಗುವ ಗಾಡಿಯನ್ನು ಅದೇ ಮೊದಲು ನೋಡಿದ್ದು.

ಈ ವರ್ಷ ಮತ್ತೆ ಆಟ ಶುರುವಾಗುವ ಕಾಲ ಬಂತಲ್ಲ ಅಂತ ಕೇಳಿದರೆ, ತೆಂಜಿನ್ ನೂಡಲ್ಸ್ ತಿರುಗಿಸುತ್ತಾ, “ಈ ಸಲ ಆಟ ಇಲ್ಲ ಕಣ್ಲಾ. ಸೀಸನ್ನೇ ಕ್ಯಾನ್ಸಲ್” ಅಂದ. ಆಟಗಾರರಿಗೂ ಮಾಲೀಕನಿಗೂ ಜಗಳವಂತೆ. ದೂರದ ಊರಿಗೆ ಹೋಗಿ ಆಡಿ ಬಂದ ಮಾರನೆಯ ದಿನ ರಜೆ ಬೇಕು, ಕೈಕಾಲು ಮುರಿದರೆ ಸರಿಹೋಗುವವರೆಗೆ ನೋಡಿಕೊಳ್ಳಬೇಕು ಅಂತ ಇವರು. ಹಿಂದಿನಿಂದ ಹೇಗೆ ನಡೆದಿದೆಯೋ ಹಾಗೇ ನಡೆಯಲಿ ಅಂತ ಅವನು. ಇವರು ಒಪ್ಪಲಿಲ್ಲ. ಮಾಲೀಕ ತಾನೇ ಮೈದಾನದ ಗೇಟಿಗೆ ಬೀಗ ಜಡಿದುಬಿಟ್ಟ. ಮಾತುಕತೆ ಮೇಲೆ ಮಾತುಕತೆ ನಡೆದು, ಕಡೆಗೆ ಈ ವರ್ಷ ಆಟವೇ ಬೇಡ ಅಂತ ಹೇಳಿಕೆ ಕೊಟ್ಟ.

ನನಗೆ ತಲೆ ಕೆಟ್ಟಿತು. ಕೆಲಸ ಮಾಡುವವರು ಕೆಲಸ ನಿಲ್ಲಿಸುವುದು ಗೊತ್ತು, ನಮ್ಮ ಕಡೆಯೂ ಬಸ್ಸು ನಿಂತಿದೆ. ಕೆಲಸ ಕೊಡುವವನೇ ನಿಲ್ಲಿಸುವುದು ಎಲ್ಲಿಯ ನ್ಯಾಯ? ಎಮ್ಮೆ ಹಾಲು ಕೊಡದಿದ್ದರೆ ಅದೊಂದು ಮಾತು. ಇಲ್ಲಿ ಕರೆಯುವವನೇ ಎಮ್ಮೆ ಮೇಲಿನ ಸಿಟ್ಟಿಗೆ ಚೊಂಬು ಬೋರಲು ಹಾಕಿ ಕೂತಿದ್ದಾನೆ. “ಅಂಗಾರೆ ಟಿಕೆಟ್ ತಗಂಡೋರು? ಆ ಗಾಜಿನ ಪೆಟ್ಗೆ? ಆ ಐಸು? ಐಸ್ ಏನಾಯ್ತ್ಲಾ?” ಅಂತ ಒಂದರ ಮೇಲೊಂದು ಕೇಳಿದೆ. ತೆಂಜಿನ್ ಪ್ಲೇಟನ್ನು ನನ್ನ ಮುಂದೆ ಕುಕ್ಕಿ, “ತಿನ್ನು. ಬಾಯ್ ತುಂಬ್ಕಂಡಿದ್ರೆ ಕೇಳಕಾಗಲ್ಲ” ಅಂದ.

ಅವನು ಉತ್ತರ ಕೊಡದಿದ್ದದ್ದಕ್ಕೇ ನಾನು ಆ ಕತೆಯನ್ನು ನಮ್ಮ ಚಪ್ಪರಕ್ಕೆ ಹೊತ್ತು ತಂದೆ. ಚಪ್ಪರ ಅಂದರೆ ಬ್ಯಾರನ್ ಪಕ್ಕದ್ದು. ಹೊಲದಲ್ಲಿ ಮುರಿದ ಹಸಿ ಹೊಗೆಸೊಪ್ಪನ್ನು ಅಲ್ಲಿ ರಾಶಿ ಹಾಕುತ್ತೇವೆ, ಹೆಂಗಸರು ಸುತ್ತ ಕೂತು ಎಲೆಗಳನ್ನು ದಾರದಲ್ಲಿ ಉದ್ದನೆ ಕಡ್ಡಿಗಳಿಗೆ ಕಟ್ಟುತ್ತಾರೆ, ಆ ಕಡ್ಡಿಗಳನ್ನು ಬ್ಯಾರನ್ ಒಳಗೆ ಸಾಲಾಗಿ ತೂಗುಹಾಕಿ ಬೆಂಕಿ ಕೊಟ್ಟು ಬೇಯಿಸುತ್ತೇವೆ. ಮುರಿದ ಸೊಪ್ಪು ಅವತ್ತವತ್ತೇ ಕಡ್ಡಿಗೆ ಏರಬೇಕು. ರಾಶಿಯಲ್ಲೇ ಬಿಟ್ಟರೆ ಒಳಗೊಳಗೇ ಕಾವು ಹತ್ತಿ ಕಪ್ಪಾಗುತ್ತದೆ, ಆಮೇಲೆ ತಿಪ್ಪೆಯೇ ಗತಿ. ನಮ್ಮ ಕೇರಿಯಲ್ಲಿ ಕಟ್ಟುವ ಕೆಲಸಕ್ಕೆ ಕೂಲಿಯವರನ್ನು ಕರೆಯುವುದಿಲ್ಲ, ಮುಯ್ಯಾಳು ನಡೆಯುತ್ತದೆ. ಇವತ್ತು ನಮ್ಮ ಮನೆ ಸೊಪ್ಪಿಗೆ ಅವರು ಬಂದರೆ, ನಾಳೆ ಅವರ ಮನೆ ಸೊಪ್ಪಿಗೆ ನಮ್ಮ ಮನೆಯಿಂದ ಒಬ್ಬರು ಹೋಗಿ ಮುಯ್ಯಿ ತೀರಿಸಬೇಕು. ನಮ್ಮ ಮನೆಯಲ್ಲಿ ಇರುವುದು ನಾನು, ಅವ್ವ. ಹೋಗುತ್ತಿದ್ದವಳು ಅವ್ವ. ನಾನು ಟ್ರ್ಯಾಕ್ಟರ್ ಓಡಿಸುವವನು, ಕಟ್ಟುವುದು ಹೆಂಗಸರ ಕೆಲಸ ಅಂತ ನಾನಾಗಿಯೇ ತೀರ್ಮಾನ ಮಾಡಿಕೊಂಡಿದ್ದೆ. ಇದೊಂದು ವಿಷಯದಲ್ಲಿ ನಾನು ಯಾರನ್ನೂ ಏನೂ ಕೇಳಿರಲಿಲ್ಲ.

ಹೆಂಗಸರಲ್ಲಿ ಹಿರಿಯವಳು ಪುಟ್ಟತಾಯಮ್ಮ, ನನಗೆ ದೊಡ್ಡವ್ವನಾಗಬೇಕು. ಕೈಯಲ್ಲಿ ದಾರ ಓಡುವಷ್ಟೇ ಜೋರಾಗಿ ಬಾಯೂ ಓಡುತ್ತದೆ. ನಾನು ಐಸ್ ಹಾಕಿಯ ಜಗಳವನ್ನೆಲ್ಲ ಹೇಳಿ, “ಈಗ ನೀನೇ ಏಳು ದೊಡ್ಡವ್ವ, ತಪ್ಪು ಯಾರ್ದು?” ಅಂದೆ.

“ಆ ಮಾಲೀಕನೂ ಆಡ್ತಾನೇನ್ಲಾ ಸೋಮ?”

“ಇಲ್ಲ. ಮೇಲೆ ಕುಂತ್ಕಂಡ್ ನೋಡ್ತಾನೆ.”

“ಯಾವತ್ತೂ ಐಸ್‌ಗೆ ಇಳ್ಯಲ್ವಾ?”

“ಯಾಕಿಳೀತಾನೆ? ಅವ್ನು ಮಾಲೀಕ.”

“ಅಂಗಾರೆ ಮುಯ್ಯಿ ಯಂಗ್ ತೀರ್ಸ್ತಾನೆ?”

ಮುಯ್ಯಿಗೂ ಅದಕ್ಕೂ ಸಂಬಂಧವಿಲ್ಲ, ಅದು ಕಂಪನಿ ಇದ್ದ ಹಾಗೆ ಅಂತ ಬಿಡಿಸಿ ಹೇಳಿದೆ. ಚಪ್ಪರದಲ್ಲಿ ಯಾರೂ ಒಪ್ಪಲಿಲ್ಲ. ಪಕ್ಕದ ಮನೆಯ ಸವಿತತ್ತಿಗೆ, “ಇವ್ರು ಅವನ್ ಮನೆ ಆಟ ಆಡ್ಕೊಟ್ರು. ಇವ್ರ ಮನೇದು ಏನಾರ ಇದ್ರೆ ಅವ್ನು ಬಂದ್ ಮಾಡ್ಕೊಡ್‌ಬೇಕಪ್ಪ. ಅದ್ಕೇ ಜಗಳ ಬಂದದೆ, ಇಷ್ಟ್ ಗೊತ್ತಾಗಲ್ವಾ?” ಅಂದಳು. ಕೆನಡಾದಲ್ಲಿ ದೊಡ್ಡ ದೊಡ್ಡ ವಕೀಲರು ಕೂತು ಬಗೆಹರಿಸಲಾಗದ್ದನ್ನು ನಮ್ಮ ಅತ್ತಿಗೆ ಒಂದು ಕಡ್ಡಿ ಕಟ್ಟಿ ಮುಗಿಸುವುದರೊಳಗೆ ಬಗೆಹರಿಸಿದ್ದಳು. ನನಗೆ ಖುಷಿಯಾಯಿತು. ಹೀಗೂ ಒಂದು ಲೆಕ್ಕ ಇದೆಯಲ್ಲ ಅಂತ, ಯಾರ ಮನೆ ಚಪ್ಪರದಲ್ಲಿ ಕಟ್ಟುತ್ತಿದ್ದರೂ ಹೋಗಿ ದಿನಾ ಹೊಸ ಹೊಸದು ಕೇಳುತ್ತಾ ಹೋದೆ. ಮಾಲೀಕನಿಗೆ ಆ ಬೂಟು ಹಾಕಿಸಿದರೆ ನಿಲ್ಲುತ್ತಾನಾ? ಬೀಳುತ್ತಾನಾ? ಬಿದ್ದರೆ ಎತ್ತುವವರು ಯಾರು? ಹೆಂಗಸರು ನಗುತ್ತಾ ಕಟ್ಟುತ್ತಿದ್ದರು, ಕೆಲಸ ಬೇಗ ಸಾಗುತ್ತಿತ್ತು. ಅವ್ವ ಮಾತ್ರ ನಗುತ್ತಿರಲಿಲ್ಲ, ಸೊಂಟ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅದು ಯಾಕೆ ಅಂತ ಆಗಲೇ ಕೇಳಬೇಕಿತ್ತು.

ಒಂದು ಸಂಜೆ ತೆಂಜಿನ್ ಬೈಕಿನಲ್ಲಿ ನಮ್ಮೂರಿಗೇ, ಹೆಂಗಸರು ಕಟ್ಟುತ್ತಿದ್ದ ಚಪ್ಪರಕ್ಕೇ ಬಂದ. ಅಣ್ಣನಿಗೆ ವಿಡಿಯೋ ಕಾಲ್ ಹಚ್ಚಿ, “ತಗೋ, ಅದೇನ್ ಕೇಳ್ತೀಯೋ ಅವನ್ನೇ ಕೇಳು, ನನ್ ಬುಟ್‌ಬುಡು” ಅಂತ ಫೋನ್ ಕೊಟ್ಟ. ಅಣ್ಣನಿಗೆ ಅಲ್ಲಿ ಬೆಳಗ್ಗೆ. ನಾನು ಮೊದಲು ಕೇಳಿದ್ದೇ ಐಸ್ ಎಲ್ಲಿ ಅಂತ. ಅವನು ಫೋನ್ ತಿರುಗಿಸಿ ತೋರಿಸಿದ. ಐಸ್ ಇಲ್ಲ. ನಮ್ಮ ಸೊಸೈಟಿ ಗೋಡೌನಿನ ಹಾಗೆ ಬೂದು ಬಣ್ಣದ ಸಿಮೆಂಟು ನೆಲ, ಮೂಲೆಯಲ್ಲಿ ಟಾರ್ಪಾಲು ಹೊದ್ದ ಅವನ ಗಾಡಿ. ಐಸನ್ನು ಗಟ್ಟಿಯಾಗಿ ಇಡುವುದಕ್ಕೆ ನೆಲದೊಳಗಿನ ಪೈಪುಗಳು ಹಗಲೂ ರಾತ್ರಿ ಓಡಬೇಕಂತೆ. ಎರಡು ಕಡೆಯವರೂ ರಾಜಿಯಾಗಬಹುದು ಅಂತ ಕೆಲವು ವಾರ ಓಡಿಸಿದರಂತೆ. ಆಮೇಲೆ ಮೆಷಿನ್ ಆಫ್ ಮಾಡಿದರು, ಮೈದಾನ ನೀರಾಗಿ ಮೋರಿಗೆ ಹೋಯಿತು. “ಇಷ್ಟ್ ವರ್ಷ ನಾನು ಅದ್ರ ಮೇಲೆ ಓಡಿಸ್ದೋನು, ಕಡೇಗೆ ನನ್ ಕೈಗೇ ಬರ್ಲು ಕೊಟ್ಟು ಗುಡ್ಸು ಅಂದ್ರು ಸೋಮ,” ಅಂದ. ಸೀಟು ಒರೆಸುವ ಕೆಲಸ ಕೊಟ್ಟಿದ್ದಾರಂತೆ. ದೊಡ್ಡವ್ವ ಫೋನಿಗೆ ಮುಖ ಹತ್ತಿರ ತಂದು, “ನಿನ್ನ ಯಾರೂ ಕೇಳ್ನಿಲ್ವಾ ಮಗ, ಅತ್ಲಾಗ್ ಆ ಟೀಮೂ ಅಲ್ಲ, ಇತ್ಲಾಗ್ ಮಾಲೀಕನೂ ಅಲ್ಲ ನೀನು?” ಅಂದಳು. ಅವನು ಗಾಡಿಯ ಟಾರ್ಪಾಲು ಸರಿಮಾಡುತ್ತಾ ನಕ್ಕ. ಚಪ್ಪರದಲ್ಲಿದ್ದವರೆಲ್ಲ ತಿರುಗಿ ಅವ್ವನ ಕಡೆ ನೋಡಿದರು. ನಾನು ಟಾರ್ಪಾಲು ಹೊದ್ದ ಗಾಡಿ ನೋಡುತ್ತಿದ್ದೆ.

ಅದಾದ ಮೇಲೆ ನಮ್ಮ ಸರದಿ ಬಂದ ದಿನ. ಬೆಳಗಾಗುತ್ತಲೇ ಮುರಿದ ಸೊಪ್ಪನ್ನು ಟ್ರೈಲರ್ ತುಂಬ ತಂದು ಚಪ್ಪರದಲ್ಲಿ ಸುರಿದಿದ್ದೆ. ಕೊನೆಕೊನೆಯ ಎಲೆ, ದಪ್ಪ, ಒಳ್ಳೆ ತೂಕದ್ದು. ಹೆಂಗಸರು ಎಂದಿನ ಹಾಗೆ ಬಂದರು, ಕೂತರು, ದಾರವನ್ನೂ ತೆಗೆದರು. ಆದರೆ ಒಂದು ಕೈಯೂ ಎಲೆಯ ಕಡೆ ಹೋಗಲಿಲ್ಲ.

“ಯಾಕ್ ದೊಡ್ಡವ್ವ, ಟೀ ಆಗ್ಬೇಕಾ?”

“ಟೀ ಬ್ಯಾಡ. ನಿನ್ನೊಂದ್ ಮಾತ್ ಕೇಳ್‌ಬೇಕು. ದಿನಾ ನೀನ್ ಕೇಳ್ತಿದ್ದೆ, ಇವತ್ ನಾವ್ ಕೇಳ್ತೀವಿ. ಈ ಸೊಪ್ಪು ಯಾರ್ದು?”

“ನಂದು.”

“ನಮ್ಮನೆ ಸೊಪ್ಗೆ ನಿಮ್ಮನೆಯಿಂದ ಯಾರ್ ಬತ್ತಾರೆ?”

“ಅವ್ವ ಬತ್ತಳೆ.”

“ಅಂಗಾರೆ ನಿನ್ ಸೊಪ್ಪಿನ್ ಮುಯ್ಯಿ ನಿಮ್ಮವ್ವ ತೀರ್ಸ್ತಾವ್ಳೆ. ಅವಳ್ ಮುಯ್ಯಿ ಯಾರ್ ತೀರ್ಸ್ತಾರೆ? ನೀನ್ ಯಾವತ್ಲಾ ಐಸ್‌ಗೆ ಇಳಿಯೋದು?”

ಎಲ್ಲರೂ ನಕ್ಕರು, ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ನಗುತ್ತಿರುವವನು ನಾನೊಬ್ಬನೇ ಅಂತ ಗೊತ್ತಾಯಿತು. ಅವರ ಬೇಡಿಕೆ ಒಂದೇ. ನಾನು ಕೂತು ಕಡ್ಡಿ ಕಟ್ಟಬೇಕು. ನಮ್ಮ ಮನೆಯಲ್ಲಷ್ಟೇ ಅಲ್ಲ, ಎಲ್ಲರ ಮನೆಗೂ ಬಂದು. ಅವ್ವನಿಗೆ ಸೊಂಟ ಹಿಡಿದಿದೆ, ಈ ಸೀಸನ್ ಮುಗಿಯುವವರೆಗೆ ಅವಳು ಮನೆಯಲ್ಲಿ ಕಾಲು ಚಾಚಿಕೊಂಡು ಕೂರಬೇಕು. ಹಾಗಂತ ಮಾತು ಕೊಟ್ಟರೆ ಈಗಲೇ ಶುರು ಮಾಡುತ್ತೇವೆ, ಇಲ್ಲದಿದ್ದರೆ ಇಲ್ಲ ಅಂದರು. ನಾನು ಅವ್ವನ ಕಡೆ ತಿರುಗಿ, “ನೀನಾರ ಏಳವ್ವ ಇವ್ರಿಗೆ” ಅಂದೆ. ಅವ್ವ ಜಗುಲಿಯಿಂದ ಎದ್ದಳು. ನನ್ನ ಪಕ್ಕಕ್ಕೆ ಬರುತ್ತಾಳೆ ಅಂದುಕೊಂಡರೆ ನೆಟ್ಟಗೆ ಹೋಗಿ ದೊಡ್ಡವ್ವನ ಚಾಪೆಯ ಮೇಲೆ ಕೂತುಬಿಟ್ಟಳು. “ನಾನೂ ಇವ್ರ್ ಟೀಮೇ ಕಣ್ ಮಗ,” ಅಂದಳು.

ಆಗ ನನಗೆ ಕೋಪ ಬಂತು. ಕೋಪ ಬಂದಾಗ ಬುದ್ಧಿ ಕೊಡುವುದಕ್ಕೆ ಯಾರೂ ಇರಲಿಲ್ಲ, ಇದ್ದದ್ದು ಆ ಕೆನಡಾದ ಮಾಲೀಕನೊಬ್ಬನೇ. “ಆಯ್ತು, ನೀವೇನ್ ಕಟ್ಟದಿರೋದು, ನಾನೇ ಕಟ್ಟುಸ್ಕಳಲ್ಲ!” ಅಂತ ಹೋಗಿ ಬ್ಯಾರನ್ ಬಾಗಿಲಿಗೆ ಬೀಗ ಹಾಕಿದೆ. ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಟ್ರ್ಯಾಕ್ಟರ್ ಮೇಲೆ ಹತ್ತಿ ಕೂತೆ. ಮೇಲೆ ಕೂತರೆ ಮಾಲೀಕನ ಹಾಗೆ ಕಾಣಬಹುದು ಅಂತ.

ಸವಿತತ್ತಿಗೆ ಬ್ಯಾರನ್ನನ್ನೂ ನೋಡಿ, ಸೊಪ್ಪಿನ ರಾಶಿಯನ್ನೂ ನೋಡಿ, “ಸೋಮಣ್ಣ, ಬೀಗ ಹಾಕಿರೋದು ಯಾರ್ ಬ್ಯಾರನ್‌ಗೆ?” ಅಂದಳು.

ಅದು ನನ್ನದೇ ಬ್ಯಾರನ್. ರಾಶಿ ಬಿದ್ದಿದ್ದೂ ನನ್ನದೇ ಸೊಪ್ಪು. ಅವರೆಲ್ಲ ಎಲೆ ಅಡಿಕೆ ಹಾಕಿಕೊಂಡು ಯಾರದೋ ಸೊಸೆಯ ವಿಷಯ ಮಾತಾಡುತ್ತಾ ಕೂತರು. ಬಿಸಿಲು ಏರಿತು. ಯಾರೂ ನೋಡದ ಹಾಗೆ ಇಳಿದು ಹೋಗಿ ರಾಶಿಯೊಳಗೆ ಕೈ ತೂರಿಸಿದೆ. ಒಳಗೆ ಬೆಚ್ಚಗಾಗಿತ್ತು, ಜ್ವರ ಬಂದವರ ಕಂಕುಳಿನ ಹಾಗೆ. ವಾಪಸ್ಸು ಬಂದು ತೆಂಜಿನ್‌ಗೆ ಫೋನ್ ಮಾಡಿದೆ. ಅವನಣ್ಣನನ್ನು ಕೇಳಿ, ಅಲ್ಲಿ ಮಾಲೀಕ ಬೀಗ ಹಾಕಿದ ಮೇಲೆ ಮುಂದೇನು ಮಾಡಿದ ಅಂತ ಹೇಳು ಅಂದೆ.

“ಅವ್ನಿಗೆ ಈಗ ಸರ್ರಾತ್ರಿ, ಮಲ್ಗವ್ನೆ,” ಅಂದ ತೆಂಜಿನ್. “ಆದ್ರೆ ಮೊನ್ನೆ ಅವ್ನೇ ಏಳ್ದ. ಮಾಲೀಕ ಆಟಗಾರ್ರು ಸೋಲ್ಲಿ ಅಂತ ಕಾದ್ನಂತೆ, ಆಟಗಾರ್ರು ಮಾಲೀಕ ಸೋಲ್ಲಿ ಅಂತ ಕಾದ್ರಂತೆ. ಐಸ್ ಕಾಯ್ನಿಲ್ಲ.”

“ಆಮೇಲೆ?”

“ಆಮೇಲೇನ್ಲಾ, ಮೋರಿ. ಯಾಕೆ, ಏನಾಯ್ತು?”

ಏನೂ ಇಲ್ಲ ಅಂತ ಫೋನ್ ಇಟ್ಟೆ. ಬೀಗ ತೆಗೆದೆ. ಬೀಗ ಹಾಕುವಾಗ ಆದ ಸದ್ದಿಗಿಂತ ತೆಗೆಯುವಾಗಿನ ಸದ್ದೇ ದೊಡ್ಡದಾಗಿ ಕೇಳಿಸಿತು. ಹೋಗಿ ದೊಡ್ಡವ್ವನ ಎದುರಿಗೆ ಕೂತು, “ದಾರ ಕೊಡು” ಅಂದೆ. ಅವಳು ಗೆದ್ದೆ ಅಂತ ಮುಖದಲ್ಲಿ ತೋರಿಸಲಿಲ್ಲ, ಅದೊಂದು ದೊಡ್ಡತನ. ಬಾಯಲ್ಲಿ ಮಾತ್ರ, “ಬೂಟ್ ಬುಟ್‌ಬುಟ್ಟು ಇಳಿ ಮಗ, ಜಾರ್ತದೆ” ಅಂದಳು.

ಎಲ್ಲ ಕೈಗಳೂ ಒಟ್ಟಿಗೆ ಓಡಿದವು. ರಾಶಿ ಕರಗುತ್ತಾ ಬಂತು. ಸಂಜೆಯೊಳಗೆ ಎಲ್ಲ ಕಡ್ಡಿಯೂ ಬ್ಯಾರನ್ ಒಳಗೆ ಏರಿತ್ತು, ತಳದ ಒಂದಷ್ಟು ಎಲೆ ಬಿಟ್ಟರೆ ಯಾವುದೂ ಕಪ್ಪಾಗಲಿಲ್ಲ. ಅವರು ಎಷ್ಟು ಕಟ್ಟಿದರು ಅಂತ ಹೇಳುವ ಹಾಗಿಲ್ಲ, ನಾನು ಎಷ್ಟು ಕಟ್ಟಿದೆ ಅಂತಂತೂ ಹೇಳಲೇಬಾರದು. ನೋಡುವುದಕ್ಕೆ ಸುಲಭ. ಎರಡು ಮೂರು ಎಲೆ ಸೇರಿಸಿ ತೊಟ್ಟಿಗೆ ದಾರ ಸುತ್ತಿ ಕಡ್ಡಿಯ ಈ ಕಡೆಗೊಂದು ಗೊಂಚಲು, ಆ ಕಡೆಗೊಂದು ಗೊಂಚಲು, ಅಷ್ಟೇ. ಅವರ ಕೈಯಲ್ಲಿ ಗಂಟು ಬೀಳುವುದು ಕಣ್ಣಿಗೇ ಕಾಣುವುದಿಲ್ಲ. ನನ್ನ ಕೈಯಲ್ಲಿ ಗಂಟು ಮಾತ್ರ ಕಾಣುತ್ತಿತ್ತು, ಎಲೆ ನೆಲದಲ್ಲಿರುತ್ತಿತ್ತು. ಬೆರಳಿಗೆ ಸೊಪ್ಪಿನ ಅಂಟು ಮೆತ್ತಿ ಕರ್ರಗಾಗಿ, ಸೋಪಿಗೂ ಬಗ್ಗದೆ, ರಾತ್ರಿ ಮುದ್ದೆ ಪೂರಾ ಕಹಿಯಾಯಿತು. ಅವ್ವನ ಊಟ ಇಷ್ಟು ವರ್ಷ ಹೀಗೇ ಇತ್ತಾ ಅಂತ ಕೇಳೋಣ ಅಂದುಕೊಂಡೆ. ಅವಳು ಆಗಲೇ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದಳು.

ಮಾತು ಕೊಟ್ಟ ಮೇಲೆ ಮುಗಿಯಿತು. ಮುಂದಿನ ಸರದಿ ದೊಡ್ಡವ್ವನ ಮನೆಯದು. ಅವ್ವನನ್ನು ಮನೆಯಲ್ಲೇ ಬಿಟ್ಟು ಒಬ್ಬನೇ ಹೋಗಿ ಕೂತೆ. ಮಧ್ಯಾಹ್ನದವರೆಗೆ ಕಟ್ಟುತ್ತಲೇ ಇದ್ದೆ. ಆಮೇಲೆ ದೊಡ್ಡವ್ವ ಎದ್ದು ಬಂದು ನಾನು ಕಟ್ಟಿದ ಕಡ್ಡಿಯೊಂದನ್ನು ಎತ್ತಿ ಮೆಲ್ಲಗೆ ಅಲ್ಲಾಡಿಸಿದಳು. ಎಲೆಗಳು ಉದುರಿದವು. ಬ್ಯಾರನ್ ಒಳಗೆ ತೊಟ್ಟು ಒಣಗಿ ಸಣ್ಣಗಾದ ಮೇಲೆ ಹೀಗೆ ಉದುರಿ ಕೆಳಗಿನ ಕಾದ ಹೊಗೆ ಪೈಪಿನ ಮೇಲೆ ಬಿದ್ದರೆ ಸೊಪ್ಪಿನ ಜೊತೆಗೆ ಬ್ಯಾರನ್ನೂ ಬೂದಿ. ಇದು ತಮಾಷೆಯ ಮಾತಲ್ಲ, ಎಲ್ಲರಿಗೂ ಗೊತ್ತು. ಅಲ್ಲೇ ಪಂಚಾಯ್ತಿ ಕೂತಿತು. ಇವನನ್ನು ಒಂದು ಆಳು ಅಂತ ಲೆಕ್ಕಕ್ಕೆ ಹಿಡಿಯುವುದು ಹೇಗೆ?

“ಅರ್ದ ಆಳು ಅನ್ನಿ,” ಅಂದಳು ಸವಿತತ್ತಿಗೆ. “ಉಳ್ದರ್ದಕ್ಕೆ?” ಅಂದಳು ಇನ್ನೊಬ್ಬಳು. ಯಾರೂ ಹೆಸರು ಹೇಳಲಿಲ್ಲ. ಆದರೆ ಯಾರು ಹೋಗಿ ಹೇಳಿದರೋ, ಸ್ವಲ್ಪ ಹೊತ್ತಿಗೆಲ್ಲ ಅವ್ವ ಸೊಂಟಕ್ಕೆ ಟವೆಲ್ ಬಿಗಿದುಕೊಂಡು ಬಂದು ನನ್ನ ಪಕ್ಕ ಕೂತಳು. ನಾನು ಕಟ್ಟಿದ ಕಡ್ಡಿಯನ್ನು ಎಳೆದುಕೊಂಡು ಒಂದೊಂದೇ ಗಂಟು ಬಿಚ್ಚಿ, ಮತ್ತೆ ಕಟ್ಟತೊಡಗಿದಳು. “ಅರ್ದ ಆಳು ನಾನು, ಅವ್ವ ಒಂದಾಳು. ಒಂದೂವರೆ ಆಯ್ತಲ್ಲ, ಆ ಮೇಲಿನರ್ದ ನೀವೇ ನಮ್ಗೆ ಕೊಡ್ಬೇಕು” ಅಂತ ವಾದ ಹಾಕಿದೆ. “ನಿನ್ ಗಂಟ್ ಬಿಚ್ಚಕ್ಕೇ ನಿಮ್ಮವ್ವನ್ ಅರ್ದ ದಿನ ಓಗ್ತಾ ಅದೆ. ಇಬ್ರೂ ಸೇರಿ ಒಂದೇ ಆಳು, ಬಾಯ್ಮುಚ್ಕ,” ಅಂದಳು ದೊಡ್ಡವ್ವ.

ಹಾಗೇ ನಡೆಯುತ್ತಿದೆ. ಮೊದಲು ನಮ್ಮ ಮನೆಯಿಂದ ಅವ್ವ ಒಬ್ಬಳೇ ಹೋಗುತ್ತಿದ್ದಳು, ಒಂದು ಆಳು ಅಂತ ಲೆಕ್ಕ. ಈಗ ನಾನೂ ಜೊತೆಗೆ ಹೋಗುತ್ತೇನೆ, ಈಗಲೂ ಒಂದೇ ಆಳು. ನಾನು ಸೇರಿದ್ದರಿಂದ ಲೆಕ್ಕದಲ್ಲಿ ಏನೂ ಹೆಚ್ಚಾಗಿಲ್ಲ, ಅವ್ವನಿಗೆ ಒಂದು ಕೆಲಸ ಹೆಚ್ಚಾಗಿದೆ.